ಹೆಲ್ಮೆಟ್ ಕ್ಯಾಮೆರಾ ಕೈಕೊಟ್ಟಿತೇ? ಕ್ಯಾಮೆರಾ ಬದಿಗಿಡಿ, ಚಿತ್ರ ನೋಡಿ

ಕಳೆದ ಭಾನುವಾರ ಪೆರ್ಲದ ಭಾವ ಮನೆಗೆ ಬಂದವನು ಕಾಲು ತೊಳೆಯುವ ಮೊದಲೇ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಇದೊಂದು ನೋಡು ಮಾರಾಯ. ಐದು ಗಂಟೆಗೆ ಎದ್ದು ಸೈಕಲ್ಲಿನಲ್ಲಿ ಪೊಸಡಿಗುಂಪೆ ಗುಡ್ಡೆ ಹತ್ತಿದ್ದು. ಇಳಿದದ್ದರಲ್ಲಿ ಒಂದು ನಿಮಿಷವೂ ನೋಡುವ ಹಾಗಿಲ್ಲ. ಕ್ಯಾಮೆರಾ ಹೋಯಿತು, ಇನ್ನು ಹೊಸದು ತೆಗೆಯುವುದೇ."

ನೋಡಿದೆ. ಮೇಲೆ ಮುಳಿಹುಲ್ಲಿನ ಬೋಳುಗುಡ್ಡೆಯಲ್ಲಿ ಚಿತ್ರ ಸ್ಪಷ್ಟವಾಗಿಯೇ ಇತ್ತು. ಆದರೆ ಚಕ್ರ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಹತ್ತಿದ ಕೂಡಲೇ ದೂರದ ಕಡಲಿನ ಗೆರೆ ಎಳನೀರಿನ ಗಂಜಿಯ ಹಾಗೆ ತುಳುಕಲು ಶುರು. ಕೆಳಗೆ ಅಡಿಕೆ ತೋಟದ ಓಣಿಗೆ ಇಳಿದ ಮೇಲೆ ಆ ತುಳುಕಾಟ ನಿಂತಿತ್ತು, ಬದಲಿಗೆ ಇಡೀ ಚಿತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕಲಸಿಹೋಗಿತ್ತು. ಒಂದೇ ವಿಡಿಯೊದಲ್ಲಿ ಎರಡು ಬೇರೆ ಬೇರೆ ತೊಂದರೆ. ಎರಡರಲ್ಲೂ ಕ್ಯಾಮೆರಾ ಕೆಟ್ಟದ್ದು ಏನೂ ಇರಲಿಲ್ಲ.

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಬಾಯಾರು ಕಡೆಯಿಂದ ಗುಡ್ಡೆ ಸೈಕಲ್ಲು ತುಳಿಯುವ ನಾಲ್ಕೈದು ಮಂದಿ ನಾವು. ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಇದೇ ತಪ್ಪು ಮಾಡಿದ್ದೇವೆ. ವಿಡಿಯೊ ಹಾಳಾಯಿತೆಂದು ಮೌಂಟು (ಹೆಲ್ಮೆಟಿಗೆ ಕ್ಯಾಮೆರಾ ಹಿಡಿಸುವ ಕೊಂಡಿ) ಬದಲಿಸುವುದು, ಆಗಲಿಲ್ಲವೆಂದು ಕಾರ್ಡು ಬದಲಿಸುವುದು, ಕೊನೆಗೆ ಕ್ಯಾಮೆರಾವನ್ನೇ ಬದಲಿಸುವುದು. ಹಾಳಾದ ಚಿತ್ರವೇ ತೊಂದರೆ ಎಲ್ಲಿದೆ ಎಂದು ಹೇಳುತ್ತಿರುತ್ತದೆ. ಅದನ್ನು ಡಿಲೀಟ್ ಮಾಡಿಬಿಟ್ಟರೆ ಸಾಕ್ಷಿಯೇ ಹೋದ ಹಾಗೆ. ಆದ್ದರಿಂದ ಮೊದಲ ನಿಯಮ: ಕೆಟ್ಟ ವಿಡಿಯೊವನ್ನು ಇಟ್ಟುಕೊಳ್ಳಿ, ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಫ್ರೇಮು ಮುಂದೆ ತಳ್ಳಿ ನೋಡಿ.

ವೈಸರ್ ಏನು ಹೇಳುತ್ತದೆ

ಅಲುಗಾಟದ ದೂರಿಗೆ ನಾನು ಮಾಡುವ ಪರೀಕ್ಷೆಗೆ ಖರ್ಚಿಲ್ಲ. ಕ್ಯಾಮೆರಾದ ಸ್ಟೆಬಿಲೈಸೇಷನ್ (ಅಲುಗಾಟವನ್ನು ತಾನೇ ತಗ್ಗಿಸುವ ಸೌಲಭ್ಯ) ಪೂರ್ತಿ ಆಫ್ ಮಾಡಿ. ಹೆಲ್ಮೆಟಿನ ವೈಸರಿನ, ಎಂದರೆ ಹಣೆಯ ಮೇಲೆ ಮುಂದಕ್ಕೆ ಚಾಚಿದ ಪ್ಲಾಸ್ಟಿಕ್ ಮಾಡಿನ, ಅಂಚು ಚಿತ್ರದ ಕೆಳಗಡೆ ಸ್ವಲ್ಪ ಕಾಣುವ ಹಾಗೆ ಕ್ಯಾಮೆರಾ ಬಗ್ಗಿಸಿ. ಮನೆಯ ಹತ್ತಿರದ ಕೆಟ್ಟ ದಾರಿಯಲ್ಲಿ ಒಂದು ನಿಮಿಷ ಹೋಗಿ ಬನ್ನಿ. ನಮಗೆ ಇಲ್ಲಿ ಅಂಥ ದಾರಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಗೇಟು ದಾಟಿದರೆ ಸಾಕು.

ಈಗ ವಿಡಿಯೊದಲ್ಲಿ ಲೋಕವನ್ನು ನೋಡಬೇಡಿ, ವೈಸರನ್ನು ನೋಡಿ. ಲೋಕ ಎಷ್ಟೇ ಕುಣಿದರೂ ವೈಸರಿನ ಅಂಚು ಚೌಕಟ್ಟಿನಲ್ಲಿ ಇದ್ದಲ್ಲೇ ಇದ್ದರೆ ಹೆಲ್ಮೆಟಿಗೂ ಕ್ಯಾಮೆರಾಕ್ಕೂ ನಡುವೆ ಏನೂ ಸಡಿಲವಿಲ್ಲ. ಕುಣಿಯುತ್ತಿರುವುದು ನಿಮ್ಮ ತಲೆ, ಇಲ್ಲವೇ ತಲೆಯ ಮೇಲಿನ ಹೆಲ್ಮೆಟು. ಇವೆರಡನ್ನು ಬೇರೆ ಮಾಡುವುದು ಸುಲಭ. ಹೆಲ್ಮೆಟ್ ಹಾಕಿ ಅದರ ಹಿಂಬದಿಯ ತಿರುಗಿಸುವ ಗುಂಡಿ ಬಿಗಿ ಮಾಡಿ, ಗಲ್ಲದ ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿ. ಹೆಲ್ಮೆಟಿನ ಜೊತೆ ಹಣೆಯ ಚರ್ಮವೂ ಎಳೆದುಕೊಂಡು ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿ ತಲೆ ಹಿಂದುಳಿದರೆ ಅದು ಕ್ಯಾಮೆರಾದ ಪ್ರಶ್ನೆ ಅಲ್ಲವೇ ಅಲ್ಲ. ಬಿದ್ದ ದಿನ ಆ ಹೆಲ್ಮೆಟು ನಿಮ್ಮ ತಲೆಯನ್ನೂ ಕಾಯುವುದಿಲ್ಲ. ಮೊದಲು ಅದನ್ನು ಸರಿಮಾಡಿ, ವಿಡಿಯೊ ಆಮೇಲೆ.

ವೈಸರ್ ಒಂದು ತಾಳಕ್ಕೆ, ಲೋಕ ಇನ್ನೊಂದು ತಾಳಕ್ಕೆ ಕುಣಿಯುತ್ತಿದ್ದರೆ ಮೌಂಟು ಸಡಿಲ. ಅಂಟು ಏಳುತ್ತಿರಬಹುದು, ಸ್ಕ್ರೂ ಸಡಿಲಿರಬಹುದು, ಪಟ್ಟಿ ಜಾರುತ್ತಿರಬಹುದು. ಇಲ್ಲಿ ಒಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ನಾನು ಎರಡು ಸಂಜೆ ಪೂರ್ತಿ ಮೌಂಟನ್ನೇ ಬಿಗಿ ಮಾಡುತ್ತ ಕೂತಿದ್ದೆ, ಸ್ಕ್ರೂವಿನ ತಲೆ ಸವೆಯುವಷ್ಟು. ವೈಸರ್ ಮತ್ತೂ ಕುಣಿಯುತ್ತಿತ್ತು. ಮೂರನೆಯ ದಿನ ಮಗಳು ಬಂದು ವೈಸರನ್ನೇ ಹಿಡಿದು ಅಲ್ಲಾಡಿಸಿ, "ಅಪ್ಪ, ಇದೇ ಲೂಸ್ ಅಲ್ವಾ?" ಎಂದಳು. ಎಡಬದಿಯ ಪ್ಲಾಸ್ಟಿಕ್ ಸ್ಕ್ರೂ ಬಿದ್ದೇ ಹೋಗಿತ್ತು. ಹಾಗಾಗಿ ಪರೀಕ್ಷೆಗೆ ಮೊದಲು ವೈಸರನ್ನು ಕೈಯಲ್ಲಿ ಒಮ್ಮೆ ಎಳೆದು ನೋಡುವುದು ಒಳ್ಳೆಯದು.

ಮೂರನೆಯದು, ವೈಸರಿನ ಅಂಚು ನೇರ ಇರದೆ ನೀರಿನಲ್ಲಿ ಕಾಣುವ ನೆರಳಿನ ಹಾಗೆ ಬಳುಕುವುದು. ಭಾವನ ವಿಡಿಯೊದ ಮೇಲಿನ ಭಾಗದಲ್ಲಿ ಆದದ್ದು ಇದೇ. ಕ್ಯಾಮೆರಾದ ಸೆನ್ಸರ್ ಒಂದು ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದಾಗಿ ಓದುತ್ತದೆ. ಓದುತ್ತಿರುವಾಗಲೇ ಕ್ಯಾಮೆರಾ ಗಡಗಡ ನಡುಗಿದರೆ ಮೇಲಿನ ಸಾಲು ಒಂದು ಕಡೆ, ಕೆಳಗಿನ ಸಾಲು ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ. ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತಾರೆ. ಮೆತ್ತಗಿನ ಮಣ್ಣಿನ ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಮ್ಮ ಪದವಿನ, ಎಂದರೆ ಗುಡ್ಡೆಯ ಮೇಲಿನ ಬೋಳು ಬಯಲಿನ, ಮುರಕಲ್ಲು ಹಾಗಲ್ಲ. ಅದರ ಮೈಯೆಲ್ಲ ತೂತು, ಚಿಕ್ಕ ಚಿಕ್ಕ ಹೊಂಡ. ಅದರ ಮೇಲೆ ಟೈರು ಓಡುವಾಗ ದೊಡ್ಡ ಏಟು ಬೀಳುವುದಿಲ್ಲ, ಸಣ್ಣ ಏಟುಗಳು ಲೆಕ್ಕವಿಲ್ಲದಷ್ಟು ಬೀಳುತ್ತವೆ. ದೊಡ್ಡ ಏಟನ್ನು ಮೊಣಕೈ, ಮೊಣಕಾಲು ನುಂಗುತ್ತವೆ. ಈ ಸಣ್ಣ ಗುಂಯ್‌ಗುಡುವಿಕೆ ಹ್ಯಾಂಡಲಿನಿಂದ ಬೆನ್ನು ಹತ್ತಿ ಹೆಲ್ಮೆಟಿಗೆ ಬಂದು, ಅಲ್ಲಿ ಕ್ಯಾಮೆರಾ ಹಿಡಿದ ಉದ್ದದ ಕೈಯನ್ನು ನಡುಗಿಸುತ್ತದೆ.

ಪರೀಕ್ಷೆ ಮುಗಿದು ಸ್ಟೆಬಿಲೈಸೇಷನ್ ವಾಪಸ್ ಆನ್ ಮಾಡಿದ ಮೇಲೆ ವೈಸರ್ ಮತ್ತೆ ಕುಣಿಯುವುದು ಕಾಣುತ್ತದೆ, ಹೆದರಬೇಡಿ. ಗೋಪ್ರೊದವರು 2018ರಲ್ಲಿ ಹೀರೊ7 ಬ್ಲ್ಯಾಕ್ ಜೊತೆ ಹೈಪರ್‌ಸ್ಮೂತ್ ಎಂಬ ಹೆಸರಿನಲ್ಲಿ ತಂದ ಮೇಲೆ ಹೆಚ್ಚಿನ ಕಂಪನಿಗಳ ಕ್ಯಾಮೆರಾದಲ್ಲೂ ಇಂಥದ್ದೊಂದು ಇದ್ದೇ ಇದೆ. ಅದು ಲೋಕವನ್ನು ಹಿಡಿದು ನಿಲ್ಲಿಸುತ್ತದೆ, ಆ ಲೆಕ್ಕದಲ್ಲಿ ವೈಸರಿನದ್ದು ಕುಣಿತ. ಆದ್ದರಿಂದಲೇ ಪರೀಕ್ಷೆ ಮಾಡುವಾಗ ಅದನ್ನು ಆಫ್ ಮಾಡಿ ಎಂದದ್ದು. ಆನ್ ಇಟ್ಟು ವೈಸರ್ ನೋಡಿ ಮೌಂಟಿಗೆ ಬೈದವರು ನಮ್ಮಲ್ಲೇ ಇದ್ದಾರೆ.

ಅಂಟು, ಎಣ್ಣೆ, ಉದ್ದದ ಕೈ

ಭಾವನ ಹೆಲ್ಮೆಟಿನ ಮೇಲೆ ಕ್ಯಾಮೆರಾ ನಿಂತದ್ದು ಮೂರು ತುಂಡು ಜೋಡಿಸಿದ ಕೈಯ ತುದಿಯಲ್ಲಿ. "ಮೇಲಿದ್ದರೆ ವ್ಯೂ ಒಳ್ಳೆದು" ಎಂದು ಅವನ ವಾದ. ಬೆರಳಿನಿಂದ ಕ್ಯಾಮೆರಾವನ್ನು ಮೆಲ್ಲಗೆ ತಟ್ಟಿದೆ. ತಂತಿಗೆ ಕೂತ ಹಕ್ಕಿಯ ಹಾಗೆ ತೂಗಾಡಿತು. ಈಗಿನ ಹೆಚ್ಚಿನ ಕ್ಯಾಮೆರಾಗಳು ಸುಮಾರು 150 ಗ್ರಾಂ ತೂಗುತ್ತವೆ. ಹೆಲ್ಮೆಟಿನ ಮೈಗೆ ಅಂಟಿಕೊಂಡಿದ್ದರೆ ಆ ತೂಕ ಏನೂ ಅಲ್ಲ, ಅದನ್ನೇ ಒಂದು ಗೇಣು ಮೇಲೆ ಕಡ್ಡಿಯ ತುದಿಯಲ್ಲಿ ನಿಲ್ಲಿಸಿದರೆ ಲೋಲಕ. ಎರಡು ತುಂಡು ಕಳಚಿ ಹಾಕಿದೆವು. ಮುರಕಲ್ಲಿನ ತುಳುಕಾಟದ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಉಳಿದದ್ದಕ್ಕೆ ಟೈರಿನ ಗಾಳಿ ಸ್ವಲ್ಪ ಇಳಿಸಿದ, ಅದು ಸೈಕಲ್ಲಿಗೂ ಬೇಕಾಗಿತ್ತು.

ಭಾರದ ಮಾತು ಬಂದಾಗ ಭಾವನಿಗೆ ಒಂದು ಕಥೆ ಹೇಳಿದೆ. 1980ರ ದಶಕದಲ್ಲಿ ಅಮೆರಿಕದ ಮಾರ್ಕ್ ಶುಲ್ಟ್ಸ್ ಎಂಬವರು ಗುಡ್ಡೆ ಸೈಕಲ್ಲಿನ ಸವಾರಿ ಚಿತ್ರಿಸಲು ಹೆಲ್ಮೆಟಿಗೆ ವಿಡಿಯೊ ಕ್ಯಾಮೆರಾ ಬಿಗಿದು, ಅದರ ವಯರನ್ನು ಬೆನ್ನಚೀಲದಲ್ಲಿ ಹೊತ್ತ ರೆಕಾರ್ಡರಿಗೆ ಜೋಡಿಸಿ ಇಳಿಯುತ್ತಿದ್ದರು. ಅವರಿಗೆ ಹೋಲಿಸಿದರೆ ನಮ್ಮದು ತಲೆಗೆ ಮುಟ್ಟಾಳೆ ಇಟ್ಟಷ್ಟೇ ಹಗುರ. ಭಾವ ನಕ್ಕ, ಆದರೂ ಆ ತುಂಡುಗಳನ್ನು ಜೇಬಿಗೆ ಹಾಕಿಕೊಂಡೇ ಹೋದ.

ಅಂಟಿನ ಮೌಂಟು ಏಳುವುದಕ್ಕೆ ನಮ್ಮ ಕಡೆ ಮುಖ್ಯ ಕಾರಣ ತೆಂಗಿನೆಣ್ಣೆ. ನಗಬೇಡಿ. ಬೆಳಿಗ್ಗೆ ತಲೆಗೆ ಹಚ್ಚಿದ ಕೈಯಲ್ಲೇ ಹೆಲ್ಮೆಟ್ ಹಿಡಿಯುತ್ತೇವೆ, ಅದೇ ಬೆರಳಿನಿಂದ ಅಂಟಿನ ಮೇಲಿನ ಕಾಗದ ಕೀಳುತ್ತೇವೆ. ಅಂಟು ಹಿಡಿದದ್ದು ಎಣ್ಣೆಯನ್ನು, ಹೆಲ್ಮೆಟನ್ನಲ್ಲ. ಎದ್ದುಬಂದ ಮೌಂಟಿನ ಬೆನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಅಂಟು ಪೂರ್ತಿ ಮೌಂಟಿನಲ್ಲೇ ಉಳಿದು ನುಣ್ಣಗೆ ಹೊಳೆಯುತ್ತಿದ್ದರೆ ಹೆಲ್ಮೆಟಿನ ಮೈ ಚೊಕ್ಕ ಇರಲಿಲ್ಲ. ಅಂಟು ಹರಿದು ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದರೆ ಅದು ಸರಿಯಾಗಿಯೇ ಹಿಡಿದಿತ್ತು, ಏಟು ಜೋರಾಗಿತ್ತು. ಅಂಚುಗಳು ಮಾತ್ರ ಎದ್ದಿದ್ದರೆ ಉಬ್ಬಿದ ಮೈಗೆ ಚಪ್ಪಟೆ ಮೌಂಟು ಹಾಕಿದ್ದೀರಿ, ಬಾಗಿದ ಮೌಂಟು ಬೇಕು.

ಹೆಲ್ಮೆಟಿನ ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಲು ಬಿಡಿ. ಪೆಟ್ರೋಲು, ಥಿನ್ನರು, ಸೀಮೆಎಣ್ಣೆ ಮುಟ್ಟಿಸಲೇಬೇಡಿ, ಹೆಲ್ಮೆಟಿನ ಪ್ಲಾಸ್ಟಿಕ್ಕು ಒಳಗಿಂದೊಳಗೇ ದುರ್ಬಲವಾಗುತ್ತದೆ, ಹೊರಗೆ ಕಾಣುವುದಿಲ್ಲ. ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಮತ್ತೆ ಅದರ ತಂಟೆಗೆ ಹೋಗಬೇಡಿ. ಈ ಮೌಂಟುಗಳಲ್ಲಿ ಸಾಮಾನ್ಯವಾಗಿ ಬಳಸುವ 3ಎಂನ ವಿಎಚ್‌ಬಿ ಬಗೆಯ ಅಂಟು ಮಾಮೂಲಿ ಉಷ್ಣತೆಯಲ್ಲಿ 20 ನಿಮಿಷಕ್ಕೆ ಅರ್ಧ ಬಲ, 24 ಗಂಟೆಗೆ ಸುಮಾರು 90 ಶೇಕಡಾ, ಪೂರ್ತಿ ಬಲಕ್ಕೆ 72 ಗಂಟೆ ತೆಗೆದುಕೊಳ್ಳುತ್ತದೆ. ಶನಿವಾರ ರಾತ್ರಿ ಅಂಟಿಸಿ ಭಾನುವಾರ ಬೆಳಿಗ್ಗೆ ಗುಡ್ಡೆ ಇಳಿಯುವವರಿಗೆ ಹೇಳುವುದೆಂತ? ಒಂದು ಸಣ್ಣ ದಾರ ಕಟ್ಟಿಕೊಳ್ಳಿ. ದಾರ ತೆಳ್ಳಗಿರಲಿ. ಕೊಂಬೆಗೆ ಕ್ಯಾಮೆರಾ ಸಿಕ್ಕಿಕೊಂಡಾಗ ಕ್ಯಾಮೆರಾ ಕಿತ್ತು ಬರಬೇಕು, ಕುತ್ತಿಗೆ ತಿರುಚಬಾರದು. ನೈಲಾನ್ ಹಗ್ಗದಲ್ಲಿ ಸುತ್ತಿ ಸುತ್ತಿ ಬಿಗಿಯುವವರನ್ನು ಕಂಡರೆ ನನಗೆ ಭಯ.

ಅಡಿಕೆ ತೋಟದೊಳಗೆ

ಈಗ ಭಾವನ ಎರಡನೆಯ ತೊಂದರೆ. ನಮ್ಮ ಊರಿನವರು ಕೇಳುವುದರಲ್ಲಿ ಅರ್ಧಕ್ಕರ್ಧ ಇದೇ.

ಅಡಿಕೆ ಮರದಷ್ಟು ಒಳ್ಳೆಯ ಪರೀಕ್ಷೆಯ ಗೆರೆ ಇನ್ನೊಂದಿಲ್ಲ. ನೇರ, ಸಪೂರ, ಮೈಮೇಲೆ ಅಳೆದಿಟ್ಟ ಹಾಗೆ ಬಿಳಿ ಉಂಗುರ. ವಿಡಿಯೊವನ್ನು ತೋಟದ ನಡುವೆ ನಿಲ್ಲಿಸಿ ಒಂದು ಮರವನ್ನು ನೋಡಿ. ಉಂಗುರಗಳು ಸ್ಪಷ್ಟ ಕಾಣುತ್ತಿದ್ದು ಮರ ಮಾತ್ರ ಬಿಲ್ಲಿನ ಹಾಗೆ ಬಾಗಿದ್ದರೆ ಅದು ಮೇಲೆ ಹೇಳಿದ ನಡುಕದ ತೊಂದರೆ, ಮೌಂಟಿಗೆ ಹೋಗಿ. ಮರ ನೇರವೇ ಇದ್ದು ಉಂಗುರಗಳು ಕಲಸಿ ಬೂದು ಪಟ್ಟಿಯಾಗಿದ್ದರೆ ಶಟರ್ ನಿಧಾನವಾಗಿದೆ, ಎಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು ಉದ್ದವಾಗಿದೆ, ಮೌಂಟನ್ನು ಮುಟ್ಟಬೇಡಿ. ಈ ಒಂದು ನೋಟ ಕಲಿತರೆ ಸಾವಿರಗಟ್ಟಲೆ ರೂಪಾಯಿ ಉಳಿಯುತ್ತದೆ.

ಬೋಳುಗುಡ್ಡೆಯ ಬಿಸಿಲಲ್ಲಿ ಕ್ಯಾಮೆರಾ ತಾನಾಗಿಯೇ ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲು, ಅದಕ್ಕೂ ಕಡಿಮೆ ತೆರೆಯುತ್ತದೆ. ತೋಟದೊಳಗೆ ಬಂದ ಕೂಡಲೇ ಬೆಳಕು ಸಾಲದೆ ಅದನ್ನು 1/60, 1/30ಕ್ಕೆ ಎಳೆಯುತ್ತದೆ. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುವ ಸೈಕಲ್ಲು 1/30 ಸೆಕೆಂಡಿನಲ್ಲಿ 18 ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಅಷ್ಟು ಹೊತ್ತಿನಲ್ಲಿ ತಲೆ ಮೇಲೆ ಕೆಳಗೆ ಆದದ್ದು ಬೇರೆ. ಅದೆಲ್ಲ ಒಂದೇ ಚಿತ್ರದಲ್ಲಿ ಬಳಿದುಕೊಂಡಿರುತ್ತದೆ. ಸ್ಟೆಬಿಲೈಸೇಷನ್ ಒಂದು ಚಿತ್ರವನ್ನು ಇನ್ನೊಂದರ ಪಕ್ಕ ಸರಿಯಾಗಿ ಜೋಡಿಸಬಲ್ಲದು, ಆದರೆ ಚಿತ್ರದ ಒಳಗೆ ಬಳಿದುಹೋದದ್ದನ್ನು ಒರೆಸಲಾರದು. ಅದರಿಂದಾಗಿಯೇ ಈ ವಿಡಿಯೊಗಳಲ್ಲಿ ಒಂದು ವಿಚಿತ್ರ ಕಾಣುವುದು: ದಾರಿ ಅಲುಗುವುದಿಲ್ಲ, ಆದರೆ ಪ್ರತಿ ಏಟಿಗೂ ಇಡೀ ತೋಟ ಒಮ್ಮೆ ಮಬ್ಬಾಗಿ ಒಮ್ಮೆ ಚೊಕ್ಕವಾಗಿ ಉಸಿರಾಡುತ್ತಿರುತ್ತದೆ.

ಭಾವನ ಕ್ಯಾಮೆರಾದ ಲೆನ್ಸಿನ ಮೇಲೆ ಬೆರಳಿಟ್ಟು ಕೇಳಿದೆ, "ಇದೆಂತ ಕಪ್ಪು ಗಾಜು?"

"ಎನ್‌ಡಿ ಫಿಲ್ಟರ್. 16ರದ್ದು. ಅದು ಹಾಕಿದರೆ ಸಿನೆಮಾದ ಹಾಗೆ ಬರ್ತದೆ ಅಂತ."

ಎನ್‌ಡಿ16 ಎಂದರೆ ಹದಿನಾರರಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡುವ ಗಾಜು. ಮೊದಲೇ ಕತ್ತಲೆ ತೋಟ, ಅದರ ಮೇಲೆ ಕ್ಯಾಮೆರಾಕ್ಕೆ ಕಪ್ಪು ಕನ್ನಡಕ. ಈ ಫಿಲ್ಟರ್ ಟಾರು ರಸ್ತೆಯಲ್ಲಿ ಒಂದೇ ಸಮ ಹೋಗುವವರಿಗೆ ಚೆನ್ನ, ಬೇಕೆಂದೇ ಸ್ವಲ್ಪ ಮಬ್ಬು ತರಿಸುವುದಕ್ಕೆ ಇರುವುದು. ತಲೆಗೆ ಕಟ್ಟಿಕೊಂಡು ಗುಡ್ಡೆ ಇಳಿಯುವವರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಕಳಚಿಸಿದೆ.

ಆಮೇಲೆ ಸೆಟ್ಟಿಂಗು. ಶಟರನ್ನು ಆಟೋದಿಂದ ತೆಗೆದು, ಸೆಕೆಂಡಿಗೆ 30 ಫ್ರೇಮಿನ ವಿಡಿಯೊಗೆ 1/240ಕ್ಕೆ ನಿಲ್ಲಿಸಿ. ಐಎಸ್‌ಒ, ಎಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಮೇಲ್ಮಿತಿ 1600. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ನೆರಳಿನ ಮೂಲೆಗಳಲ್ಲಿ ರವೆ ಚೆಲ್ಲಿದ ಹಾಗೆ. ಆಗಲಿ. ಕಾಳು ಇದ್ದ ವಿಡಿಯೊವನ್ನು ಜನ ನೋಡುತ್ತಾರೆ, ಉಸಿರಾಡುವ ವಿಡಿಯೊ ನೋಡಿದರೆ ತಲೆ ತಿರುಗುತ್ತದೆ. ತುಂಬ ಕಪ್ಪಾದರೆ 1/120ಕ್ಕೆ ಇಳಿಯಿರಿ, ಅದಕ್ಕಿಂತ ಕೆಳಗೆ ಬೇಡ. 60 ಫ್ರೇಮು ಬೇಕೆಂಬ ಹಟವನ್ನೂ ತೋಟದಲ್ಲಿ ಬಿಡಿ. ತೋಟದಿಂದ ಪದವಿಗೆ ಹೊರಬರುವಾಗ ಶಟರನ್ನು ಮತ್ತೆ ಆಟೋಗೆ ಹಾಕಿ, ಇಲ್ಲದಿದ್ದರೆ ಬಿಸಿಲಿಗೆ ಆಕಾಶ ಸುಣ್ಣದ ಗೋಡೆ ಆಗುತ್ತದೆ.

ಆಟಿ ತಿಂಗಳಿನ ಬೆಳಿಗ್ಗೆ ಏಳು ಗಂಟೆಗೆ, ಮೋಡ ಕವಿದು, ಮರದಿಂದ ನೀರು ತೊಟ್ಟಿಕ್ಕುವಾಗ ತೋಟದೊಳಗೆ ಯಾವ ಸೆಟ್ಟಿಂಗೂ ನಡೆಯುವುದಿಲ್ಲ. ಆ ಹೊತ್ತಿಗೆ ಕ್ಯಾಮೆರಾ ಚೀಲದಲ್ಲಿಟ್ಟು ಸುಮ್ಮನೆ ತುಳಿಯಿರಿ. ಹತ್ತು ಗಂಟೆಯಿಂದ ಮೂರು ಗಂಟೆಯೊಳಗೆ, ಸೂರ್ಯ ನೆತ್ತಿಯ ಹತ್ತಿರ ಇರುವಾಗ ತೋಟದ ನೆಲಕ್ಕೂ ಬಿಸಿಲ ಕಾಸು ಬೀಳುತ್ತದೆ.

ಮಸುಕು ಮೂರು ಬಗೆ

ಚಿತ್ರ ಅಲುಗುತ್ತಿಲ್ಲ, ಆದರೆ ಮಸುಕು. ಯಾವಾಗ ಶುರುವಾಯಿತು ಎಂದು ನೋಡಿ. ಮೊದಲ ಫ್ರೇಮಿನಿಂದಲೇ ಇದ್ದು, ಬಿಸಿಲಿಗೆ ಎದುರಾದಾಗ ದೀಪದ ಸುತ್ತ ಕಿರಣ ಎಳೆದ ಹಾಗೆ ಕಂಡರೆ ಮತ್ತೆ ಅದೇ ತೆಂಗಿನೆಣ್ಣೆಯ ಬೆರಳು. ಅಂಗಿಯ ತುದಿಯಲ್ಲಿ ಒರೆಸಿದರೆ ಎಣ್ಣೆ ಹರಡುತ್ತದೆ, ಕನ್ನಡಕ ಒರೆಸುವ ಬಟ್ಟೆ ಇಟ್ಟುಕೊಳ್ಳಿ. ಇದ್ದಕ್ಕಿದ್ದ ಹಾಗೆ ಒಂದು ಕಡೆ ಬಂದು ಆಮೇಲೆ ಜಾರಿದರೆ ನೀರಿನ ಹನಿ. ನಡುವಿನಲ್ಲಿ ತೆಳ್ಳಗೆ ಶುರುವಾಗಿ ಐದು ಹತ್ತು ನಿಮಿಷದಲ್ಲಿ ಮೆಲ್ಲ ಹಬ್ಬಿದರೆ, ಹೊರಗಿನಿಂದ ಎಷ್ಟು ಒರೆಸಿದರೂ ಹೋಗದಿದ್ದರೆ ಅದು ಗಾಜಿನ ಒಳಬದಿಯ ಆವಿ.

ಮಳೆಗಾಲದಲ್ಲಿ ನಮಗೆ ಈ ಆವಿಯದ್ದೇ ಕಾಟ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ, ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಗ ಗಾಳಿಯೇ ಒದ್ದೆ. ಗುಡ್ಡೆಯ ತಲೆಯಲ್ಲಿ ಬಾಗಿಲು ತೆರೆದು ಬ್ಯಾಟರಿ ಬದಲಿಸಿದಿರೋ, ಆ ಒದ್ದೆ ಗಾಳಿಯನ್ನೇ ಒಳಗೆ ಹಾಕಿ ಮುಚ್ಚಿದ ಹಾಗೆ. ಕ್ಯಾಮೆರಾ ಓಡಿ ಒಳಗೆ ಬಿಸಿಯಾಗುತ್ತದೆ, ಹೊರಗಿನಿಂದ ಮಳೆ ಗಾಜನ್ನು ತಣ್ಣಗೆ ಮಾಡುತ್ತದೆ, ಆವಿ ಹೋಗಿ ಗಾಜಿನ ಒಳಬದಿಗೆ ಕೂರುತ್ತದೆ. ಆದ್ದರಿಂದ ಮಳೆಯ ದಿನ ಬ್ಯಾಟರಿ, ಕಾರ್ಡು ಎಲ್ಲ ಮನೆಯಲ್ಲೇ, ಫ್ಯಾನಿನ ಕೆಳಗೆ ಹಾಕಿ ಮುಚ್ಚಿ ಹೊರಡಿ. ರಾತ್ರಿ ಬಾಗಿಲು ತೆರೆದು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ. ಮುಚ್ಚುವ ಮೊದಲು ಬಾಗಿಲಿನ ರಬ್ಬರ್ ಅಂಚನ್ನು ಬೆರಳಲ್ಲಿ ಸವರಿ ನೋಡಿ, ಒಂದು ಕಾಳು ಮುರಮಣ್ಣು ಸಾಕು ನೀರು ಒಳಗೆ ಬರಲು.

ಒಂದು ಮಳೆಗಾಲದಲ್ಲಿ ನಾನು ಬುದ್ಧಿವಂತಿಕೆ ಮಾಡಿ, ಅಡಿಕೆ ಒಣಗುವ ಜಾಗದಲ್ಲಿ ಕ್ಯಾಮೆರಾ ಒಣಗದಿದ್ದೀತೇ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಹೆಲ್ಮೆಟ್ ಸಮೇತ ಇಟ್ಟೆ. ಆವಿ ಹೋಯಿತು. ಅದರ ಜೊತೆ ಮೌಂಟಿನ ಅಂಟು ಮೆತ್ತಗಾಗಿ ಕ್ಯಾಮೆರಾ ಒಂದು ಬದಿಗೆ ವಾಲಿತು, ಲೆನ್ಸಿನ ಮೇಲೆ ಹೊಗೆಯ ಜಿಡ್ಡು ಕೂತಿತು, ಹೆಲ್ಮೆಟ್ ಈಗಲೂ ಸುಟ್ಟ ಗೇರುಬೀಜದ ವಾಸನೆ ಹೊಡೆಯುತ್ತದೆ. ಹೊಸ ಹೆಲ್ಮೆಟು ತೆಗೆಯಬೇಕಾಯಿತು. ಬಿಸಿ ತಿಂದ ಥರ್ಮೋಕೋಲನ್ನು ನಂಬಿ ತಲೆ ಕೊಡುವ ಹಾಗಿಲ್ಲ.

ನಡುವೆ ನಿಂತುಹೋದರೆ

ರೆಕಾರ್ಡಿಂಗ್ ಎಲ್ಲಿ ನಿಂತಿತು ಎಂಬುದೇ ಕಾರಣ ಹೇಳುತ್ತದೆ. ಪ್ರತಿ ಸಲವೂ ಜೋರು ಏಟು ಬಿದ್ದಲ್ಲಿ, ಜಿಗಿದು ಇಳಿದಲ್ಲಿ ನಿಂತಿದ್ದರೆ ಬ್ಯಾಟರಿ ತನ್ನ ಗೂಡಿನಲ್ಲಿ ಕುಲುಕಿ ಸಂಪರ್ಕ ತಪ್ಪುತ್ತಿದೆ. ಬ್ಯಾಟರಿ ಉಬ್ಬಿದೆಯೇ ನೋಡಿ, ಉಬ್ಬಿದ್ದರೆ ಎಸೆಯಿರಿ. ಅಗ್ಗದ ಬದಲಿ ಬ್ಯಾಟರಿ ಅಳತೆಯಲ್ಲಿ ಕೂದಲೆಳೆ ಚಿಕ್ಕದಿದ್ದರೆ ಪಕ್ಕದಲ್ಲಿ ಮಡಚಿದ ಕಾಗದದ ತುಂಡು ಇಟ್ಟು ಪರೀಕ್ಷಿಸಬಹುದು. ಏಟಿಗೆ ನಿಲ್ಲುವುದು ಬಿಟ್ಟರೆ ಕಾರಣ ಸಿಕ್ಕಿತು, ಒಳ್ಳೆಯ ಬ್ಯಾಟರಿ ತನ್ನಿ.

ಇಳಿಯುವಾಗ ಚೆನ್ನಾಗಿ ಓಡಿ, ಎಲ್ಲಾದರೂ ಮಾತಾಡಲು ನಿಂತಾಗ ಆಫ್ ಆದರೆ ಅದು ಬಿಸಿ. ಗೋಪ್ರೊ ತನ್ನ ಕ್ಯಾಮೆರಾಗಳಿಗೆ ಹೇಳುವ ಹೊರಗಿನ ಉಷ್ಣತೆಯ ಮೇಲ್ಮಿತಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಕಾದ ಮುರಕಲ್ಲಿನ ಪದವಿನ ಮೇಲೆ ನಿಂತವರಿಗೆ ಅದು ಎಷ್ಟರ ಮಾತು ಎಂದು ಗೊತ್ತು. ಚಲಿಸುವಾಗ ಗಾಳಿ ತಣಿಸುತ್ತದೆ, ನಿಂತರೆ ಇಲ್ಲ. ನಿಂತಾಗ ರೆಕಾರ್ಡಿಂಗ್ ನಿಲ್ಲಿಸಿ, ಹೆಲ್ಮೆಟ್ ನೆರಳಿಗಿಡಿ, ವೈಫೈ, ಜಿಪಿಎಸ್ ಆಫ್ ಮಾಡಿ, 5.3ಕೆ ಬದಲು 4ಕೆ 30ಕ್ಕೆ ಇಳಿಯಿರಿ. ಮೊಬೈಲಿನಲ್ಲಿ ನೋಡುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಏಟಿಗೂ ಸಂಬಂಧ ಇಲ್ಲ, ಬಿಸಿಗೂ ಇಲ್ಲ, ಸುಮ್ಮನೆ ಕೆಲವು ನಿಮಿಷಕ್ಕೆ ಕಾರ್ಡ್ ಎರರ್ ಎಂದು ನಿಲ್ಲುತ್ತದೆ. ಕಾರ್ಡಿನ ಮೇಲೆ ವಿ30 ಎಂದು ಬರೆದಿದೆಯೇ ನೋಡಿ. ಎಂದರೆ ಸೆಕೆಂಡಿಗೆ 30 ಮೆಗಾಬೈಟಿಗಿಂತ ಕೆಳಗಿಳಿಯದೆ ಬರೆಯಬಲ್ಲದು. ಸೆಕೆಂಡಿಗೆ 100 ಮೆಗಾಬಿಟ್ ವಿಡಿಯೊ ಎಂದರೆ ಹನ್ನೆರಡೂವರೆ ಮೆಗಾಬೈಟ್ ಅಷ್ಟೇ, ಆದ್ದರಿಂದ ಅಸಲಿ ವಿ30 ಧಾರಾಳ ಸಾಕು. ಅಸಲಿ ಎಂಬುದೇ ಪ್ರಶ್ನೆ. ಮಾರುಕಟ್ಟೆಯಲ್ಲಿ 32 ಜಿಬಿಯ ಹೊಟ್ಟೆಗೆ 256 ಎಂದು ಚೀಟಿ ಅಂಟಿಸಿದ ಕಾರ್ಡುಗಳಿವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಕಾರ್ಡು ತುಂಬ ಬರೆದು ವಾಪಸ್ ಓದಿ ನೋಡುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ, ಕಂಪ್ಯೂಟರಿನಲ್ಲಿ ಅಲ್ಲ.

ನಿಂತಿಲ್ಲದ್ದನ್ನು ನಿಂತಿತು ಎನ್ನುವವರೂ ಇದ್ದಾರೆ. ಅನೇಕ ಕ್ಯಾಮೆರಾಗಳು ಉದ್ದ ವಿಡಿಯೊವನ್ನು 4 ಜಿಬಿಯ ತುಂಡುಗಳಾಗಿ ಕತ್ತರಿಸಿ ಇಡುತ್ತವೆ. 100 ಮೆಗಾಬಿಟ್ಟಿನಲ್ಲಿ ಒಂದು ತುಂಡು ಆರು ನಿಮಿಷದೊಳಗೆ ಮುಗಿಯುತ್ತದೆ. ಗೋಪ್ರೊದಲ್ಲಿ ಜಿಎಕ್ಸ್010123 ಮುಗಿದ ಮೇಲೆ ಮುಂದಿನದು ಜಿಎಕ್ಸ್020123. ಕೊನೆಯ ನಾಲ್ಕು ಅಂಕಿ ಒಂದೇ, ಅಂದರೆ ಒಂದೇ ವಿಡಿಯೊ. ಹೆಸರಿನ ಕ್ರಮದಲ್ಲಿ ಜೋಡಿಸಿದರೆ ಈ ಎರಡರ ನಡುವೆ ಬೇರೆ ದಿನದ್ದು ಬಂದು ಕೂರುತ್ತದೆ, ಜನ ಗಾಬರಿಯಾಗುತ್ತಾರೆ.

ಬಿದ್ದು ಬ್ಯಾಟರಿ ಹೊರಬಂದು ಕೊನೆಯ ಫೈಲು ತೆರೆಯದಿದ್ದರೆ ಅಳಿಸಬೇಡಿ. ಎಂಪಿ4 ಫೈಲಿನ ಪರಿವಿಡಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುವಂಥದ್ದು. ಪುಟಗಳೆಲ್ಲ ಇವೆ, ಪರಿವಿಡಿ ಬರೆಯುವಷ್ಟರಲ್ಲಿ ಕರೆಂಟು ಹೋಯಿತು ಎಂದಿಟ್ಟುಕೊಳ್ಳಿ. ಆ ಕಾರ್ಡಿಗೆ ಬೇರೇನೂ ಬರೆಯದೆ ಅದೇ ಕ್ಯಾಮೆರಾಕ್ಕೆ ಹಾಕಿ ಆನ್ ಮಾಡಿ, ಹಲವು ಕ್ಯಾಮೆರಾಗಳು ತಾವೇ ಸರಿಮಾಡಲು ನೋಡುತ್ತವೆ. ಆಗದಿದ್ದರೆ ಅದೇ ಸೆಟ್ಟಿಂಗಿನ ಒಂದು ಒಳ್ಳೆಯ ವಿಡಿಯೊವನ್ನು ಮಾದರಿಯಾಗಿಟ್ಟು ಅನ್‌ಟ್ರಂಕ್ ಎಂಬ ತಂತ್ರಾಂಶದಲ್ಲಿ ಪ್ರಯತ್ನಿಸಬಹುದು. ಕೆಲವು ಸಲ ಬರುತ್ತದೆ.

ಉಳಿದ ಚಿಲ್ಲರೆ

ವಿಡಿಯೊ ಲ್ಯಾಪ್‌ಟಾಪಿನಲ್ಲಿ ತಡವರಿಸಿ ಓಡುತ್ತದೆ, ಕ್ಯಾಮೆರಾದ ಪರದೆಯಲ್ಲಿ ಸರಿ ಓಡುತ್ತದೆ ಎಂದಾದರೆ ಲ್ಯಾಪ್‌ಟಾಪ್ ಹಳತು, ಎಚ್.265 ಎಂಬ ಬಗೆಯಲ್ಲಿ ಒತ್ತಿ ಚಿಕ್ಕದು ಮಾಡಿದ ವಿಡಿಯೊವನ್ನು ಬಿಡಿಸುವ ತಾಕತ್ತು ಅದಕ್ಕಿಲ್ಲ. ಅಷ್ಟೇ.

ಚಿತ್ರದಲ್ಲಿ ಪೂರಾ ಮುಂದಿನ ಚಕ್ರವೇ ಕಾಣುತ್ತಿದ್ದರೆ ನೀವು ಅಂಗಳದಲ್ಲಿ ನೆಟ್ಟಗೆ ನಿಂತು ಕೋನ ಹೊಂದಿಸಿದ್ದೀರಿ. ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಎದೆ ಬಗ್ಗಿಸುತ್ತೇವಲ್ಲ, ಆ ಭಂಗಿಯಲ್ಲೇ ಯಾರಾದರೂ ಸೈಕಲ್ ಹಿಡಿದಿರುವಾಗ ಹೊಂದಿಸಬೇಕು. ಗುಡ್ಡೆ ಚಪ್ಪಟೆ ಕಾಣುತ್ತದೆ ಎಂಬ ದೂರಿಗೆ ಮಾತ್ರ ಔಷಧ ಕಡಿಮೆ. ಅಗಲ ಲೆನ್ಸು ಎಲ್ಲ ಗುಡ್ಡೆಯನ್ನೂ ಗದ್ದೆ ಮಾಡುತ್ತದೆ. ಗಲ್ಲದ ಹತ್ತಿರ ಅಥವಾ ಎದೆಗೆ ಕಟ್ಟಿದರೆ ಹ್ಯಾಂಡಲು, ಕೈ ಕಂಡು ಸ್ವಲ್ಪ ಇಳಿಜಾರು ಅನಿಸುತ್ತದೆ.

ಗುಡ್ಡೆಯ ಬುಡದವರೆಗೆ ಸ್ಕೂಟರಿನಲ್ಲಿ ಹೋಗುವವರು ಕ್ಯಾಮೆರಾ ಕಳಚಿ ಚೀಲಕ್ಕೆ ಹಾಕಿ. ಕೇರಳದ ಮೋಟಾರು ವಾಹನ ಇಲಾಖೆ 2022ರಲ್ಲೇ ದ್ವಿಚಕ್ರ ವಾಹನ ಸವಾರರ ಹೆಲ್ಮೆಟಿನ ಮೇಲೆ ಕ್ಯಾಮೆರಾ ಬೇಡ ಎಂದು ಹೇಳಿತ್ತು. ಮಂಗಳೂರಿನಿಂದ ಬರುವ ಗೆಳೆಯರಿಗೆ ತಲಪಾಡಿಯ ಗಡಿ ದಾಟುವಾಗ ಇದು ನೆನಪಿರುವುದಿಲ್ಲ. ಇನ್ನೊಬ್ಬರ ತೋಟದ ತಡಮೆ ದಾಟುವಾಗ ಕೇಳಿ ದಾಟಿ, ನಾಗಬನ, ಕಾವು, ಬಟ್ಟೆ ಒಗೆಯುವ ತೋಡಿನ ಬದಿ ಬಂದಾಗ ಗುಂಡಿ ಒತ್ತಿ ನಿಲ್ಲಿಸಿ.

ಇನ್ನು ಶಬ್ದ. ಗಾಳಿಯ ಬೊಬ್ಬೆಗೆ ಮೈಕಿನ ತೂತಿನ ಮೇಲೆ ತೆಳು ಸ್ಪಂಜು, ಕೆಸರು ಮೆತ್ತಿದ್ದರೆ ಸಿಹಿನೀರಲ್ಲಿ ತೊಳೆದು ಕುಲುಕಿ ಒಣಗಿಸುವುದು. ಶಬ್ದವನ್ನು ಬರೀ ಕಿರಿಕಿರಿ ಎಂದುಕೊಳ್ಳಬೇಡಿ, ಕಣ್ಣಿಗೆ ಕಾಣದ ಸಡಿಲ ಕಿವಿಗೆ ಕೇಳುತ್ತದೆ. ಪ್ರತಿ ಏಟಿಗೂ ಸರಿಯಾಗಿ ಟಕ್ ಎಂದರೆ ಮೌಂಟಿನ ಸ್ಕ್ರೂ. ತುಳಿಯುವುದು ಬಿಟ್ಟಾಗ ಮಾತ್ರ ಟರ್ರ್ ಎಂದರೆ ಹಿಂದಿನ ಚಕ್ರದ ಫ್ರೀವೀಲು, ಅದು ಇರಬೇಕಾದ್ದೇ.

ಭಾವ ಈ ಭಾನುವಾರ ಮತ್ತೆ ಪೊಸಡಿಗುಂಪೆ ಹತ್ತಿ ಸಂಜೆ ವಿಡಿಯೊ ಕಳಿಸಿದ. ಕಡಲಿನ ಗೆರೆ ನೇರ, ತೋಟದಲ್ಲಿ ಅಡಿಕೆ ಮರದ ಉಂಗುರ ಎಣಿಸಬಹುದು. ಆದರೆ ಮೊದಲಿಂದ ಕೊನೆಯವರೆಗೆ ಟಪ್, ಟಪ್, ಟಪ್. "ಮೌಂಟು ಬಿಗಿ ಇದೆ ಮಾರಾಯ, ವೈಸರ್ ಬಿಗಿ ಇದೆ, ಇದೆಂತ?" ಎಂದು ಫೋನು ಮಾಡಿದ. ಇಳಿಜಾರಿನಲ್ಲಿ ವೇಗ ಹೆಚ್ಚಿದ ಹಾಗೆ ಟಪ್‌ಟಪ್ ಕೂಡ ಹೆಚ್ಚುತ್ತಿತ್ತು, ಏಟಿಗೆ ಅಲ್ಲ, ಗಾಳಿಗೆ. ಗಲ್ಲದ ಪಟ್ಟಿಯ ಉಳಿದ ತುದಿ ಹಾರಿ ಹಾರಿ ಹೆಲ್ಮೆಟಿಗೆ ಬಡಿಯುತ್ತಿತ್ತು. ಅತ್ತಿಗೆಯ ಹತ್ತಿರ ಒಂದು ರಬ್ಬರ್ ಬ್ಯಾಂಡ್ ಕೇಳಿ ಅದನ್ನು ಮಡಚಿ ಕಟ್ಟಲು ಹೇಳಿದ್ದೇನೆ.